ಮುಹೂರ್ತಕ್ಕೆ ಕತ್ತು ಮುಚ್ಚುವ ಜಾಕೆಟ್, ಕಿವಿಗೆ ಯಾವ ಓಲೆ?

ಕಕ್ಕಬ್ಬೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ನನ್ನ ಮದುವೆ. ವಿರಾಜಪೇಟೆಯಲ್ಲಿ ಮಂಟಪ ಗೊತ್ತಾಗಿದೆ, ಸೀರೆ ತಂದಾಗಿದೆ. ಬಾಕಿ ಇರುವುದು ಕಿವಿಯೋಲೆ. ಅದೊಂದೇ ವಿಷಯಕ್ಕೆ ಮನೆಯಲ್ಲಿ ಒಂದು ತಿಂಗಳಿಂದ ಮಾತು ನಡೀತಾ ಇದೆ.

ಒಟ್ಟು ಮೂರು ಉಡುಪು. ಊರ್‌ಕೂಡುವ ದಿನ (ಮುಹೂರ್ತದ ಹಿಂದಿನ ದಿನ, ಊರವರು ಸೇರೋದು) ಸಂಜೆಗೆ ಹಸಿರು ರೇಷ್ಮೆ ಸೀರೆ, ಬೋಟ್ ನೆಕ್ ಬ್ಲೌಸ್. ಮರುದಿನ ಮುಹೂರ್ತಕ್ಕೆ ಕೆಂಪು ಸೀರೆ, ನಮ್ಮ ಕೊಡವ ಕ್ರಮದಲ್ಲೇ: ನೆರಿಗೆ ಹಿಂದೆ, ಸೆರಗು ಬಲ ಭುಜಕ್ಕೆ. ಅದಕ್ಕೆ ಉದ್ದ ತೋಳಿನ, ಕಾಲರ್ ಇರುವ ಜಾಕೆಟ್. ತಲೆಗೆ ಕೆಂಪು ವಸ್ತ್ರ. ಆಮೇಲೆ ಮೈಸೂರಿನಲ್ಲಿ ರಿಸೆಪ್ಷನ್. ಅಲ್ಲಿ ಲೆಹೆಂಗಾ, ಕತ್ತು ಆಳವಾದ ವಿ ಶೇಪ್.

ಅಜ್ಜಿಯ ಜುಮುಕಿ ಒಂದು ಜೊತೆ ಇದೆ. 3 ಪವನ್, ಅಂದರೆ 24 ಗ್ರಾಂ. ಮೇಲೆ ಕೆಂಪು ಕಲ್ಲಿನ ಹೂವು, ಕೆಳಗೆ ಗಂಟೆ, ಗಂಟೆಯ ಅಂಚಿಗೆ ಸಣ್ಣ ಮುತ್ತು. ಒಂದು ಕಡೆ ಮುತ್ತು ಉದುರಿದೆ. ಆ ಜಾಗಕ್ಕೆ ಅಜ್ಜಿ ಬಿಳಿ ನೂಲು ಸುತ್ತಿ ಗಂಟು ಹಾಕಿಟ್ಟಿದ್ದಾರೆ. ಮೂರಕ್ಕೂ ಇದನ್ನೇ ಹಾಕು ಅಂತ ಅವ್ವ ಹೇಳ್ತಾರೆ. ನನಗೂ ಆಸೆ ಇದೆ. ಆದರೆ ಮೊನ್ನೆ ಅರ್ಧ ಗಂಟೆ ಹೊತ್ತು ಹಾಕಿ ಕೂತಿದ್ದಕ್ಕೇ ಕಿವಿ ಹಾಲೆ ಕೆಂಪಾಯಿತು. ಲೆಹೆಂಗಾಕ್ಕೆ ಅದು ಹೊಂದುತ್ತಾ ಅನ್ನೋದೂ ಗೊತ್ತಿಲ್ಲ. ದಯವಿಟ್ಟು ಅನುಭವ ಇದ್ದವರು ಹೇಳಿ.

ನಾಪೋಕ್ಲು_ಅಕ್ಕ

ಶುಭಾಶಯ ತಂಗಿ. ನನ್ನ ಮದುವೆ ಆಗಿ 2 ವರ್ಷ ಆಯಿತು. ನಾನು ಮಾಡಿದ ತಪ್ಪನ್ನು ನೀನು ಮಾಡಬಾರದು ಅಂತ ಇಷ್ಟುದ್ದ ಬರೀತಿದ್ದೇನೆ, ಬೇಜಾರಿಲ್ಲದೆ ಓದು.

ನಾನು ಮುಹೂರ್ತಕ್ಕೆ 3 ಇಂಚಿನ ಹ್ಯಾಂಗಿಂಗ್ಸ್ ಹಾಕಿದ್ದೆ. ಕೊಕ್ಕೆಯದು, ತಿರುಪು ಇಲ್ಲ. ಅಂಗಡಿಯ ಕನ್ನಡಿಯಲ್ಲಿ ತುಂಬಾ ಚೆನ್ನಾಗಿ ಕಂಡಿತ್ತು. ಆವತ್ತು ನಾನು ಹಾಕಿದ್ದದ್ದು ಚೂಡಿದಾರ್, ಕತ್ತು ಖಾಲಿ. ಜಾಕೆಟ್ ಇಲ್ಲ, ಸೀರೆ ಇಲ್ಲ, ವಸ್ತ್ರ ಇಲ್ಲ. ಎಡವಟ್ಟಾಗಿದ್ದು ಅಲ್ಲೇ.

ನಮ್ಮ ಸೀರೆಯಲ್ಲಿ ಸೆರಗನ್ನು ಎಡಗೈ ಕೆಳಗಿಂದ ಮುಂದಕ್ಕೆ ತಂದು ಬಲ ಭುಜದ ಮೇಲೆ ಪಿನ್ ಹಾಕಿ ನಿಲ್ಲಿಸ್ತಾರಲ್ವಾ, ಅಲ್ಲಿ ಬಟ್ಟೆ ಮಡಿಕೆ ಮಡಿಕೆಯಾಗಿ ಎದ್ದು ನಿಲ್ಲುತ್ತದೆ. ನನ್ನ ಬಲಗಿವಿಯ ಓಲೆ ಸರಿಯಾಗಿ ಅಲ್ಲಿಗೆ ಬಂದು ಕೂತಿತ್ತು. ಎಡಗಡೆ ಆರಾಮವಾಗಿ ತೂಗುತ್ತಿತ್ತು. ಫೋಟೋದಲ್ಲಿ ನೋಡಿದರೆ ಎಡಗಡೆಯದು ನೇರ, ಬಲಗಡೆಯದು ಸೊಟ್ಟ.

ಮುಹೂರ್ತಕ್ಕೆ ಮುಕ್ಕಾಲಿ ಮೇಲೆ ಕೂತ ಮೇಲೆ ಒಬ್ಬೊಬ್ಬರೇ ಬರ್ತಾರೆ. ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕ್ತಾರೆ, ಕಿಂಡಿಯಿಂದ (ಮೂತಿ ಇರುವ ಚೊಂಬು) ಹಾಲು ಕೊಡ್ತಾರೆ, ಕೈಗೆ ದುಡ್ಡು ಇಟ್ಟು ಹರಸ್ತಾರೆ. ಹಾಲಿಗೆ ಪ್ರತಿ ಸಲ ಮುಖ ಮುಂದೆ ಮಾಡಬೇಕು. ಹಾಗೆ ಮಾಡುವಾಗ ಓಲೆಯ ಕೊಕ್ಕೆ ವಸ್ತ್ರದ ಜರಿಗೆ ಸಿಕ್ಕಿಕೊಂಡಿತು. ಎಳೆದರೆ ಜರಿ ಹರಿಯುತ್ತದೆ, ಬಿಟ್ಟರೆ ಕಿವಿ ಉರಿಯುತ್ತದೆ. ಮುಂದೆ ಹಿರಿಯರು ಸಾಲಾಗಿ ನಿಂತಿದ್ದಾರೆ. ಚಿಕ್ಕಮ್ಮ ಹಿಂದಿನಿಂದ ಕೈ ಹಾಕಿ ಬಿಡಿಸಿದರು. ಅಷ್ಟು ಹೊತ್ತಿಗೆ ಓಲೆಯ ಗೆಜ್ಜೆಗಳ ನಡುವೆ ಮೂರು ನಾಲ್ಕು ಅಕ್ಕಿ ಕಾಳು ಸಿಕ್ಕಿಕೊಂಡಿದ್ದವು.

ನೀರ್ ಎಡ್ಪ, ಅಂದರೆ ಮದುಮಗಳು ನೀರು ತರುವ ಶಾಸ್ತ್ರ, ಇನ್ನೊಂದು ಕಥೆ. ತಲೆ ಮೇಲೆ ಕೊಡ, ಮುಂದೆ ಗಂಡಿನ ಕಡೆಯವರು ದಾರಿ ಬಿಡದೆ ಕುಣೀತಾರೆ. ಒಂದು ಗಂಟೆಯಲ್ಲಿ ಮುಗಿದರೆ ನಿನ್ನ ಅದೃಷ್ಟ. ಕತ್ತು ಅಲುಗಾಡಿಸುವ ಹಾಗಿಲ್ಲ, ಕೈ ಕೊಡದ ಮೇಲೆ. ಕಿವಿ ಎಳೆದರೂ ಒಂದು ಸಲ ಮುಟ್ಟಿ ಸರಿ ಮಾಡಿಕೊಳ್ಳೋಕೆ ಆಗೋದಿಲ್ಲ. ಆವತ್ತು ರಾತ್ರಿ ಕಿವಿ ತೂತು ಉದ್ದಕ್ಕೆ ಎಳೆದ ಹಾಗೆ ಆಗಿತ್ತು. ವಾರ ಪೂರ್ತಿ ಏನೂ ಹಾಕಲಿಲ್ಲ.

ಅದಕ್ಕೇ ಹೇಳೋದು, ಮುಹೂರ್ತದ ಓಲೆ ದವಡೆಯ ಅಂಚಿನಲ್ಲೇ ನಿಲ್ಲಬೇಕು. ಕಾಲರ್ ಮುಟ್ಟಬಾರದು. ಕೊಕ್ಕೆ ಬೇಡ, ತಿರುಪು ಇರಲಿ.

ಮಡಿಕೇರಿ_ಮಳೆ

ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ವಸ್ತ್ರ ಹಾಕಿದ ಮೇಲೆ ಕೂದಲು ಕಾಣೋದಿಲ್ಲ, ಹೂ ಕಾಣೋದಿಲ್ಲ. ಜಾಕೆಟ್ ಕತ್ತನ್ನೂ ಮುಚ್ಚುತ್ತದೆ. ಉಳಿಯೋದು ಮುಖ ಒಂದೇ. ಅಲ್ಲಿ ಸಣ್ಣ ಓಲೆ ಹಾಕಿದರೆ ಮದುಮಗಳ ಕಳೆ ಬರೋದಿಲ್ಲ. ನನ್ನ ನಾದಿನಿ ಅರ್ಧಚಂದ್ರದ ಆಕಾರದ ದೊಡ್ಡ ಚಾಂದ್‌ಬಾಲಿ ಹಾಕಿದ್ದಳು, ಮುಖ ತುಂಬಿ ಬಂದಿತ್ತು. ಒಂದು ದಿನದ ನೋವು ತಡ್ಕೊಳ್ಳಬಹುದು. ಫೋಟೋ ಮಾತ್ರ ಕೊನೆವರೆಗೂ ಇರುತ್ತದೆ.

ನಾಪೋಕ್ಲು_ಅಕ್ಕ

ಮುಖಕ್ಕೆ ಏನಾದ್ರೂ ಬೇಕು ಅನ್ನೋದು ನಿಜ, ಒಪ್ಪಿದೆ. ಆದರೆ ನಿಮ್ಮ ನಾದಿನಿಯ ಫೋಟೋ ಒಮ್ಮೆ ಹತ್ತಿರದಿಂದ ನೋಡಿ. ವಸ್ತ್ರ ಕಿವಿಯ ಮೇಲ್ಭಾಗವನ್ನು ಒತ್ತಿ ಹಿಡಿದಿರುತ್ತದೆ. ಚಾಂದ್‌ಬಾಲಿ ಅಗಲ ಇರೋದರಿಂದ ಹಿಂದಿನ ಅರ್ಧ ಬಟ್ಟೆಯ ಒಳಗೆ ಹೋಗಿರುತ್ತದೆ. ದುಡ್ಡು ಕೊಟ್ಟ ಅರ್ಧ ಕೆಲಸ ಕಾಣೋದೇ ಇಲ್ಲ.

ಎದೆ ಮೇಲೆ ಏನಿರುತ್ತದೆ ಅದನ್ನೂ ನೋಡಬೇಕಲ್ವಾ? ಜೋಮಾಲೆ, ಕೊಕ್ಕೆತಾತಿ, ಪತ್ತಾಕ್, ನಮ್ಮ ಕೊಡವ ಸರಗಳೆಲ್ಲಾ ಜಾಕೆಟ್ ಮೇಲೇ ಬೀಳುತ್ತವೆ. ಕೆಂಪು ಬಟ್ಟೆಯ ಮೇಲೆ ಅಷ್ಟು ಚಿನ್ನ. ಅದಕ್ಕೆ ಕಿವಿಯಲ್ಲೂ ಪೈಪೋಟಿ ಇಟ್ಟರೆ ಯಾವುದನ್ನೂ ಕಣ್ಣು ನಿಲ್ಲಿಸಿ ನೋಡೋಕೆ ಆಗೋದಿಲ್ಲ. ಪತ್ತಾಕಿನಲ್ಲಿ ಕೆಂಪು ಕಲ್ಲು, ಅಂಚಿಗೆ ಮುತ್ತು. ತಂಗಿಯ ಅಜ್ಜಿ ಜುಮುಕಿಯಲ್ಲೂ ಅದೇ ಕೆಂಪು, ಅದೇ ಮುತ್ತು. ಇದಕ್ಕಿಂತ ಒಳ್ಳೆ ಜೋಡಿ ಅಂಗಡಿಯಲ್ಲಿ ಹುಡುಕಿದರೂ ಸಿಗೋದಿಲ್ಲ. ತೂಕಕ್ಕೆ ಮಾತ್ರ ಏನಾದರೂ ದಾರಿ ಮಾಡಬೇಕು.

ಗೋಣಿಕೊಪ್ಪ_ಟೈಲರ್

ನಾನು ಮದುವೆ ಬ್ಲೌಸ್ ಮತ್ತು ಕೊಡವ ಜಾಕೆಟ್ ಹೊಲೀತೇನೆ. ಮದುಮಗಳು ಅಳತೆಗೆ ಬಂದಾಗ ಮೊದಲು ಕೇಳೋದು, 'ಓಲೆ ತಗೊಂಡಾಯ್ತಾ?' ಅಂತ. ಆಗಿಲ್ಲ ಅಂದರೆ ನನಗೆ ಸಮಾಧಾನ. ಕತ್ತಿನ ಶೇಪ್ ಗಟ್ಟಿ ಆದ ಮೇಲೆ ಓಲೆ ತಗೊಳ್ಳಬೇಕು. ಹೆಚ್ಚಿನವರು ಉಲ್ಟಾ ಮಾಡ್ತಾರೆ.

ಮನೆಯಲ್ಲಿ ಹೀಗೆ ಮಾಡಿ. ಜಾಕೆಟ್ ಹಾಕಿ, ಸೀರೆ ಉಟ್ಟು, ಬಲ ಭುಜಕ್ಕೆ ಪಿನ್ ಹಾಕಿಸಿಕೊಳ್ಳಿ. ನೇರ ನಿಂತು ಕಿವಿ ಹಾಲೆಯ ತುದಿಯಿಂದ ಭುಜದ ಬಟ್ಟೆವರೆಗೆ ಟೇಪ್ ಹಿಡಿಸಿ. ಎರಡೂ ಕಡೆ. ಬಲಗಡೆ ಅರ್ಧದಿಂದ ಮುಕ್ಕಾಲು ಇಂಚು ಕಮ್ಮಿ ಬರುತ್ತದೆ. ಆ ಕಮ್ಮಿ ಅಳತೆಯೇ ನಿಮ್ಮ ಲೆಕ್ಕ. ಓಲೆಯ ಪೂರ್ತಿ ಉದ್ದ ಅದರ ಅರ್ಧಕ್ಕಿಂತ ಜಾಸ್ತಿ ಇರಬಾರದು. ತಲೆ ವಾಲಿಸಿದಾಗ, ಬಾಗಿದಾಗ ಉಳಿದ ಜಾಗ ಬೇಕಾಗುತ್ತದೆ.

ಕಾಲರ್ ಮೇಲೆ ಜರಿ ತಂತಿಯ ಜರ್ದೋಸಿ ಕೆಲಸ ಮಾಡಿಸಿದ್ದರೆ ಇನ್ನೂ ಹುಷಾರು. ಆ ತಂತಿಗೆ ಮುತ್ತು ಉಜ್ಜಿ ಉಜ್ಜಿ ಗೀರು ಬೀಳುತ್ತದೆ, ಗೆಜ್ಜೆ ಸಿಕ್ಕಿಕೊಳ್ಳುತ್ತದೆ. ನಾನು ಕಾಲರ್ ಅಂಚಿಗೆ ಬರೀ ಪೈಪಿಂಗ್ ಕೊಡ್ತೇನೆ, ಕೆಲಸವನ್ನು ತೋಳಿನ ತುದಿಗೆ ಹಾಕ್ತೇನೆ. ಕೈ ಎಲ್ಲರಿಗೂ ಕಾಣುತ್ತದೆ.

ಬೋಟ್ ನೆಕ್ ಬಗ್ಗೆ: ಅದು ಈ ಭುಜದಿಂದ ಆ ಭುಜಕ್ಕೆ ಎಳೆದ ಗೆರೆ. ಮುಂದೆ ಕತ್ತಿನ ಬುಡದ ಗುಳಿ ಕಾಣೋದಿಲ್ಲ, ಹಾಗಾಗಿ ಕುತ್ತಿಗೆಗೆ ಸರ ಕೂರೋದಿಲ್ಲ, ಬಟ್ಟೆ ಮೇಲೆ ಜಾರುತ್ತಾ ಇರುತ್ತದೆ. ಸರ ಬಿಡಿ, ಓಲೆಯನ್ನು ಉದ್ದ ಹಾಕಿ. ಅಗಲ ಮಾತ್ರ ಬೇಡ. ಅಡ್ಡಗೆರೆಗೆ ಅಗಲದ ಓಲೆ ಸೇರಿದರೆ ಕತ್ತು ಗಿಡ್ಡ ಕಾಣುತ್ತದೆ. ಸಣ್ಣಗೆ ಕೆಳಗಿಳಿಯುವ ಎರಡೆಳೆ ಮುತ್ತಿನ ಲೋಲಾಕು ಆ ಹಸಿರು ರೇಷ್ಮೆಗೆ ಚೆನ್ನಾಗಿರುತ್ತದೆ. ಕೂದಲು ಎತ್ತಿ ಕಟ್ಟಿ.

ಆಳ ವಿ ಕತ್ತು ಕಣ್ಣನ್ನು ಕೆಳಗೆ ಎಳೆಯುತ್ತದೆ. ಅದಕ್ಕೆ ನೀರಹನಿ ಆಕಾರದ್ದು, ಕೆಳಗೆ ಚೂಪಾಗುವಂಥದ್ದು ಹೊಂದುತ್ತದೆ. ಗುಂಡು ಗಂಟೆಯ ಜುಮುಕಿ ಹಾಕಿದರೆ ತಪ್ಪೇನಿಲ್ಲ, ಆದರೆ ಲೆಹೆಂಗಾದ ಕತ್ತು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ವಿ ಕತ್ತಿಗೆ ಸರವನ್ನೂ ಅದೇ ಆಕಾರದಲ್ಲಿ ಹಾಕುವುದಾದರೆ ಕಿವಿಗೆ ಸಣ್ಣದು ಸಾಕು. ಎರಡರಲ್ಲಿ ಒಂದು ದೊಡ್ಡದಿರಲಿ.

ಭಾಗಮಂಡಲ_ಸೊಸೆ

ನಮ್ಮದು ಅರೆಭಾಷೆ ಗೌಡರ ಮನೆ. ನನ್ನದು ಕಾಂಚೀಪುರಂ ಸೀರೆ, ಸಾದಾ ಯು ಶೇಪ್ ಕತ್ತು. ಜುಮುಕಿಗೆ ಆ ಕತ್ತಿನಷ್ಟು ಒಳ್ಳೆಯದು ಯಾವುದೂ ಇಲ್ಲ ಅಂತ ನನಗನ್ನಿಸುತ್ತದೆ. ಕತ್ತು ತೆರೆದಿರುತ್ತದೆ, ಗಂಟೆ ತೂಗೋಕೆ ಜಾಗ ಇರುತ್ತದೆ.

ನಾನು ಭಾರದ ಜುಮುಕಿಗೆ ಕೆನ್ನೆ ಸರಪಳಿ ಹಾಕಿಸಿದ್ದೆ. ಸರಪಳಿಯ ಕೊಕ್ಕೆಯನ್ನು ಕಿವಿಯ ಮೇಲೆ ಕೂದಲಿಗೆ ಸಿಕ್ಕಿಸಿ, ಮೇಲೆ ಮಲ್ಲಿಗೆ ಮುಡಿದೆ. ಭಾರವೆಲ್ಲ ಕೂದಲು ಹೊತ್ತಿತು. ಬೆಳಗ್ಗೆಯಿಂದ ಸಂಜೆವರೆಗೆ ಏನೂ ಆಗಲಿಲ್ಲ. ಕಕ್ಕಬ್ಬೆಯವರೂ ಮಾಡಬಹುದೇನೋ.

ನಾಪೋಕ್ಲು_ಅಕ್ಕ

ಊರ್‌ಕೂಡುವ ಸಂಜೆಗೆ ಮಾಡಬಹುದು. ಮುಹೂರ್ತಕ್ಕೆ ಬೇಡ. ವಸ್ತ್ರದ ಕೆಳಗೆ ಆ ಕೊಕ್ಕೆ ಹೋದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ವಸ್ತ್ರ ಸ್ವಲ್ಪ ಸರಿದರೂ ಕಿವಿ ಜೊತೆಗೆ ಹೋಗುತ್ತದೆ. ಅದರ ನೋವು ನಾನು ಕಂಡಿದ್ದೇನೆ.

ಕುಶಾಲನಗರ_ಚಿನ್ನದ_ಕೆಲಸ

ನಮ್ಮ ಮನೆಯಲ್ಲಿ ತಂದೆ ಕಾಲದಿಂದ ಚಿನ್ನದ ಕೆಲಸ. ಅಜ್ಜಿಯ ಜುಮುಕಿ ಅಂದ ತಕ್ಷಣ ಬರೆಯಬೇಕು ಅನ್ನಿಸಿತು.

ಒಂದು ಕಿವಿಗೆ 12 ಗ್ರಾಂ ಬೀಳ್ತಾ ಇದೆ. ದಿನವಿಡೀ ಹಾಕೋಕೆ ನಾನು 6, 7 ಗ್ರಾಂ ಒಳಗೆ ಮಾಡಿಕೊಡ್ತೇನೆ. ಆದರೆ ತೂಕ ಒಂದೇ ನೋಡಿದರೆ ಸಾಲದು. ಹಳೆ ಜುಮುಕಿಯಲ್ಲಿ ಹಿಂದಿನ ತಿರುಪು ಸಣ್ಣದಿರುತ್ತದೆ, ಕಡಲೆಕಾಳಿನಷ್ಟು. ಅಷ್ಟೂ ಭಾರ ತೂತಿನ ಕೆಳ ಅಂಚಿಗೆ ಬೀಳುತ್ತದೆ, ಮೇಲಿನ ಹೂವು ಮುಂದಕ್ಕೆ ಬಾಗಿ ನೆಲ ನೋಡುತ್ತದೆ. ತಿರುಪಿನ ಜೊತೆ ಹಿಂದೆ ಒಂದು ಅಗಲ ಬಿಲ್ಲೆ ಹಾಕಿಸಿ. ಭಾರ ಹಾಲೆಗೆಲ್ಲ ಹಂಚುತ್ತದೆ, ಹೂವು ನೇರ ನಿಲ್ಲುತ್ತದೆ. ಸಣ್ಣ ಕೆಲಸ ಅದು. ಜುಮುಕಿಯ ಹೂವಿಗಾಗಲಿ ಗಂಟೆಗಾಗಲಿ ಬೆಂಕಿ ತಾಗಿಸಬೇಕಾಗಿಲ್ಲ.

ಇನ್ನೊಂದು ದಾರಿ ಇದೆ. ಹೆಚ್ಚಿನ ಹಳೆ ಜುಮುಕಿಯಲ್ಲಿ ಗಂಟೆ ಒಂದು ಸಣ್ಣ ಬಳೆಯಿಂದ (ಉಂಗುರದಂಥ ಕೊಂಡಿ) ಹೂವಿಗೆ ತೂಗಿರುತ್ತದೆ. ಆ ಬಳೆ ಬಿಡಿಸುವ ಹಾಗಿದ್ದರೆ ಹೂವು ಬೇರೆ, ಗಂಟೆ ಬೇರೆ. ಮುಹೂರ್ತಕ್ಕೆ ಹೂವು ಮಾತ್ರ, ಇಲ್ಲವೇ ಹೂವಿಗೆ ಒಂದೇ ಒಂದು ಮುತ್ತು. ಉಳಿದ ಹೊತ್ತಿಗೆ ಗಂಟೆ ಸೇರಿಸಿ. ಬಳೆ ಬೆಸೆದಿದ್ದರೆ ಬಿಡಿಸುವ ಕೊಕ್ಕೆ ಹಾಕಿಸಬಹುದು. ಆದರೆ ಕಲ್ಲು ಅರಗಿನ ಮೇಲೆ ಕೂರಿಸಿದ್ದರೆ ಬಿಸಿಗೆ ಅರಗು ಕರಗುತ್ತದೆ. ಹಳೆ ಕೆಲಸ ಗೊತ್ತಿರುವವರ ಹತ್ತಿರವೇ ಕೊಡಿ, ಎದುರಿಗೆ ಕೂತು ಮಾಡಿಸಿ, ಕೊಡುವ ಮೊದಲೂ ಆಮೇಲೂ ತೂಕ ನೋಡಿ.

ಮುತ್ತು ಒಂದು ಬಿದ್ದಿದೆ ಅಂದರೆ ಉಳಿದವೂ ಸಡಿಲ ಆಗಿರುತ್ತವೆ. ಎಲ್ಲವೂ ಒಂದೇ ಕಾಲದ ತಂತಿ. ಪೂರ್ತಿ ಸಾಲು ನೋಡಿಸಿ.

ಹೊಸದು ತಗೊಳ್ಳುವವರಿಗೆ: 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ 6 ಅಕ್ಷರ, ಅಂಕಿಗಳ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆ ಬೇರೆ) ಗುರುತು ಕಡ್ಡಾಯ. 22 ಕ್ಯಾರಟ್ ಆದರೆ ಜೊತೆಗೆ 916 ಅಂತಲೂ ಇರುತ್ತದೆ. ಓಲೆಯಲ್ಲಿ ಅದು ತುಂಬಾ ಸಣ್ಣಗೆ, ಹಿಂಬದಿಯಲ್ಲಿ ಇರುತ್ತದೆ. ಅಂಗಡಿಯವರ ಭೂತಗನ್ನಡಿ ಕೇಳಿ ಓದಿ. ಕಲ್ಲು ಇರುವ ಓಲೆಯಲ್ಲಿ ಕಲ್ಲಿನ ತೂಕ ಕಳೆದು ಚಿನ್ನದ ಬೆಲೆ ಹಾಕಬೇಕು. ಬಿಲ್ಲಿನಲ್ಲಿ ಎರಡೂ ಬೇರೆ ಬೇರೆ ಬರೆಸಿಕೊಳ್ಳಿ.

ಇಗರ್ಜಿ_ಬೀದಿ

ನಾನೂ ವಿರಾಜಪೇಟೆ. ನನ್ನ ಮದುವೆ ಸಂತ ಅನ್ನಮ್ಮ ಚರ್ಚಿನಲ್ಲಿ. ಗೌನ್ ಕತ್ತು ಸ್ವೀಟ್‌ಹಾರ್ಟ್, ಅಂದರೆ ಎದೆ ಹತ್ತಿರ ಹೃದಯದ ಆಕಾರ, ಮೇಲೆ ಕತ್ತಿನವರೆಗೆ ತೆಳು ನೆಟ್, ನೆಟ್ ಮೇಲೆ ಲೇಸ್. ತಲೆಗೆ ವೇಲ್. ನಾಪೋಕ್ಲು ಅಕ್ಕನ ವಸ್ತ್ರದ ಮಾತು ಓದಿ ನನಗೆ ವೇಲ್ ನೆನಪಾಯಿತು. ನೆಟ್ ಅಂತೂ ಇನ್ನೂ ಕಷ್ಟ, ಏನು ಸಿಕ್ಕರೂ ಹಿಡ್ಕೊಳ್ಳುತ್ತದೆ. ನಾನು ಒಂಟಿ ಮುತ್ತಿನ ಓಲೆ ಹಾಕಿದೆ. ರಾತ್ರಿ ಊಟದ ಹೊತ್ತಿಗೆ ವೇಲ್ ತೆಗೆದು ಕೂದಲು ಎತ್ತಿ ಕಟ್ಟಿ ಉದ್ದ ಕಲ್ಲಿನ ಓಲೆಗೆ ಬದಲಾಯಿಸಿದೆ. ಅದೇ ಗೌನ್, ಬೇರೆ ಉಡುಪು ಹಾಕಿದ ಹಾಗೆ ಕಾಣಿಸಿತು.

ಒಂದು ಎಚ್ಚರಿಕೆ. ಆ ಉದ್ದದ್ದು ಇಮಿಟೇಷನ್. ನನಗೆ ನಿಕಲ್ ಆಗಿಬರೋದಿಲ್ಲ, ಎರಡು ಗಂಟೆಯಲ್ಲಿ ಕಿವಿ ತುರಿಸಿ ನೀರಾಡಿತು. ರಿಸೆಪ್ಷನ್‌ಗೆ ಇಮಿಟೇಷನ್ ಹಾಕುವವರು 15 ದಿನ ಮೊದಲೇ ಒಂದು ಸಂಜೆ ಹಾಕಿ ನೋಡಿ. ಕಿವಿಯೊಳಗೆ ಹೋಗುವ ಕಡ್ಡಿ ಮಾತ್ರ ಚಿನ್ನದ್ದು ಮಾಡಿಸಿದರೂ ಸಾಕು.

ಸಿದ್ದಾಪುರ_ತೋಟ

ನಡುವೆ ಕೇಳ್ತಿದ್ದೇನೆ, ಕ್ಷಮಿಸಿ. ನನ್ನ ಅಕ್ಕನಿಗೆ ರಿಸೆಪ್ಷನ್ ಬ್ಲೌಸ್ ಹಾಲ್ಟರ್ ನೆಕ್. ಅವಳಿಗೆ ಎರಡನೇ ತೂತು ಚುಚ್ಚಿಸುವ ಆಸೆ. ಮದುವೆಗೆ 3 ವಾರ ಇದೆ.

ಗೋಣಿಕೊಪ್ಪ_ಟೈಲರ್

ಹಾಲ್ಟರ್ ಕತ್ತಿಗೇ ಬಟ್ಟೆ ಸುತ್ತಿಕೊಳ್ಳುತ್ತದೆ, ಭುಜ ಖಾಲಿ. ಸಣ್ಣ ಓಲೆ, ಇಲ್ಲವೇ ತೀರಾ ತೆಳ್ಳಗೆ ಉದ್ದ. ಸರ ಬೇಡವೇ ಬೇಡ.

ಕುಶಾಲನಗರ_ಚಿನ್ನದ_ಕೆಲಸ

ಈಗ ಚುಚ್ಚಿಸಬೇಡಿ. ಹಾಲೆಯ ತೂತು ಸರಿಯಾಗಿ ಮಾಗೋಕೆ 6ರಿಂದ 8 ವಾರ ಬೇಕು. ಮದುವೆ ದಿನ ಕೀವಾದರೆ ಇರುವ ಓಲೆ ಹಾಕೋದೂ ಕಷ್ಟ. ಚುಚ್ಚದೆ ಅಂಚಿಗೆ ಸಿಕ್ಕಿಸುವ ಇಯರ್ ಕಫ್ ಸಿಗುತ್ತದೆ, ಅದು ಹಾಕಲಿ.

ಕಕ್ಕಬ್ಬೆ_ಹುಡುಗಿ

ಎಲ್ಲರ ಮಾತನ್ನೂ ಅವ್ವನಿಗೆ ಓದಿ ಹೇಳಿದೆ. ನಿನ್ನೆ ಪೂರ್ತಿ ಉಡುಪು ಹಾಕಿ ನೋಡಿದೆವು. ಟೈಲರ್ ಹೇಳಿದ ಹಾಗೆ ಟೇಪ್ ಹಿಡಿದೆವು. ಎಡಗಡೆ 4 ಇಂಚು, ಬಲಗಡೆ 3¼. ಅಜ್ಜಿ ಜುಮುಕಿ ಅಳೆದರೆ 2 ಇಂಚಿಗೆ ಸ್ವಲ್ಪ ಜಾಸ್ತಿ. ಹೂವು ಮಾತ್ರ ಆದರೆ ಮುಕ್ಕಾಲು ಇಂಚು.

ತಲೆಗೆ ವಸ್ತ್ರ ಹಾಕಿ, ಒಂದು ತಂಬಿಗೆ ನೀರು ಇಟ್ಟುಕೊಂಡು ಅಂಗಳದಲ್ಲಿ ನಡೆದೆ. ಪೂರ್ತಿ ಜುಮುಕಿ ಹಾಕಿದ್ದಾಗ ಒಂದೊಂದು ಹೆಜ್ಜೆಗೂ ಗಂಟೆ ಬಂದು ದವಡೆಗೆ ತಾಗುತ್ತಿತ್ತು. ತಲೆ ಸ್ವಲ್ಪ ಬಲಕ್ಕೆ ವಾಲಿದರೆ ಮುತ್ತು ಕಾಲರ್ ಅಂಚಿಗೆ ಸಿಕ್ಕುತ್ತಿತ್ತು. ಅವ್ವ ಅದನ್ನು ಕಣ್ಣಾರೆ ನೋಡಿದ ಮೇಲೆ ಏನೂ ಹೇಳಲಿಲ್ಲ, ಅವರೇ ಬಂದು ತಿರುಪು ಬಿಚ್ಚಿದರು.

ಇವತ್ತು ಚಿನ್ನದ ಕೆಲಸದವರ ಹತ್ತಿರ ಹೋಗಿ ಬಂದೆವು. ನಮ್ಮ ಪುಣ್ಯಕ್ಕೆ ಬಳೆ ಬೆಸೆದಿರಲಿಲ್ಲ, ಬಿಡಿಸಬಹುದು. ಹಿಂದೆ ಬಿಲ್ಲೆ ಹಾಕ್ತಿದ್ದಾರೆ. ಇನ್ನೂ 4 ಮುತ್ತು ಸಡಿಲ ಇದ್ದವು. ಅಜ್ಜಿಯ ನೂಲಿನ ಗಂಟನ್ನು ಬಿಚ್ಚುವಾಗ ಗೊತ್ತಾಯಿತು, ಅದು ಒಳಗಿನ ತಂತಿಯನ್ನೂ ಸೇರಿಸಿ ಹಿಡಿದಿತ್ತು. ಆ ಗಂಟು ಇಲ್ಲದಿದ್ದರೆ ಪಕ್ಕದ ಮುತ್ತುಗಳೂ ಎಂದೋ ಹೋಗಿರುತ್ತಿದ್ದವು ಅಂತ ಅವರು ಹೇಳಿದರು.

ಈಗ ತೀರ್ಮಾನ ಹೀಗಿದೆ. ಮುಹೂರ್ತಕ್ಕೆ ಹೂವು, ಕೆಳಗೆ ಒಂದು ಮುತ್ತು. ಊರ್‌ಕೂಡುವ ಸಂಜೆಗೆ ಪೂರ್ತಿ ಜುಮುಕಿ, ಕೆನ್ನೆ ಸರಪಳಿ ಸೇರಿಸಿ. ಟೈಲರ್ ಅಣ್ಣ, ಬೋಟ್ ನೆಕ್‌ಗೆ ಅಗಲ ಬೇಡ ಅಂದಿರಿ, ಆದರೆ ಅಜ್ಜಿಯದನ್ನು ಒಂದು ದಿನವಾದರೂ ಪೂರ್ತಿ ಹಾಕಬೇಕು ಅಂತ ನನಗೂ ಅವ್ವನಿಗೂ ಇದೆ. ಸರ ಏನೂ ಹಾಕೋದಿಲ್ಲ, ಕೂದಲು ಎತ್ತಿ ಕಟ್ತೇನೆ. ಲೆಹೆಂಗಾಕ್ಕೆ ಚಿಕ್ಕಮ್ಮನ ಹತ್ತಿರ ನೀರಹನಿ ಆಕಾರದ ಬಿಳಿ ಕಲ್ಲಿನ ಓಲೆ ಇದೆ, ಅದನ್ನೇ ಕೇಳಿದ್ದೇನೆ. ಹೊಸದು ಏನೂ ತಗೊಳ್ತಾ ಇಲ್ಲ.

ಗೋಣಿಕೊಪ್ಪ_ಟೈಲರ್

ಸರಿಯಾಗಿದೆ. ಬೋಟ್ ನೆಕ್ಕನ್ನು ಮುಂದೆ ಅರ್ಧ ಇಂಚು ಇಳಿಸೋಕೆ ಹೇಳಿ. ಜುಮುಕಿಗೆ ಸ್ವಲ್ಪ ಜಾಗ ಸಿಗುತ್ತದೆ, ಶೇಪ್ ಕೆಡೋದಿಲ್ಲ.

ಮಡಿಕೇರಿ_ಮಳೆ

ನಾದಿನಿಯ ಫೋಟೋ ತೆಗೆದು ನೋಡಿದೆ. ಚಾಂದ್‌ಬಾಲಿ ಬಲಗಡೆ ಅರ್ಧ ವಸ್ತ್ರದೊಳಗೇ ಇದೆ. ಇಷ್ಟು ದಿನ ಗಮನಿಸಿರಲಿಲ್ಲ. ಕೆಂಪು ಕಲ್ಲಿನ ಹೂವು ಅಗಲ ಇದ್ದರೆ ಮುಖಕ್ಕೆ ಸಾಕಾಗುತ್ತದೆ, ಒಪ್ಪಿದೆ.

ನಾಪೋಕ್ಲು_ಅಕ್ಕ

ತಂಗಿ, ಇನ್ನೊಂದು ಮಾತು. ತಿರುಪು ಇನ್ನೊಂದು ಜೊತೆ ಮಾಡಿಸಿಡು. ಗಡಿಬಿಡಿಯಲ್ಲಿ ಕೈಜಾರಿ ನೆಲಕ್ಕೆ ಬಿದ್ದರೆ ಅಕ್ಕಿ ಕಾಳಿನ ನಡುವೆ ಹುಡುಕೋಕೆ ಆಗೋದಿಲ್ಲ. ಗಂಟೆಗಳನ್ನು ಬಿಡಿಸಿದ ಮೇಲೆ ಅವು ಎಲ್ಲಿ, ಯಾರ ಹತ್ತಿರ ಅಂತ ಒಬ್ಬರಿಗಾದರೂ ಹೇಳಿಡು.

ಕಕ್ಕಬ್ಬೆ_ಹುಡುಗಿ

ಹೇಳಿ ಬಂದೆ ಅಕ್ಕ, ಬಿಲ್ಲೆಯ ಜೊತೆಗೇ ಕೊಡ್ತಾರೆ. ಅಜ್ಜಿಯ ಹಳೆ ಕುಂಕುಮದ ಡಬ್ಬಿಗೆ ಹತ್ತಿ ಹಾಕಿ ಇಟ್ಟಿದ್ದೇನೆ, ಗಂಟೆ ಎರಡೂ, ತಿರುಪೂ ಬಂದ ಮೇಲೆ ಅದರಲ್ಲೇ ಇಡ್ತೇನೆ. ಡಬ್ಬಿ ತಂಗಿ ಕೈಯಲ್ಲಿ ಇರುತ್ತದೆ.